ನಿಂತ ಗಡಿಯಾರದಂಥ ಗೆಲೀನಾ

ವಾಸ್ಕೋದಲ್ಲಿರುವ ನಮ್ಮ ಕನ್ನಡದವರಿಗೆ ಅದಿರಿನ ಲಾರಿ, ಬಾರ್ಜು ಹೊಸದಲ್ಲ. ಆ ಕೆಂಪು ಅದಿರಿನಿಂದಲೇ ಹಳೆಯ ಖಂಡಗಳ ಚರಿತ್ರೆ ತೆಗೆಯಬಹುದಲ್ಲ ಅನ್ನಿಸುವುದು ಸಹಜ. ಆ ಚರಿತ್ರೆ ಓದುವುದು ಸೀಸದ ಐಸೊಟೋಪ್‌ಗಳಿಂದ, ಅಂದರೆ ತೂಕ ಬೇರೆ ಬೇರೆಯಾದ ಸೀಸದ ಪರಮಾಣುಗಳಿಂದ. ಅದರ ಮಟ್ಟಿಗೆ ಈ ಅದಿರು ಕೈಕೊಡುವ ಸರಕು. ಮೂಲದ ಪಟ್ಟೆಕಲ್ಲು ಆರ್ಕಿಯನ್ ಕಾಲದ್ದೇ, ಅಂದರೆ 250 ಕೋಟಿ ವರ್ಷಕ್ಕೂ ಹಿಂದಿನದು. ಆದರೆ ಅದರ ಸಿಲಿಕಾ ತೊಳೆದು ಅದಿರು ಮಾಡಿದ್ದು ಬಹಳ ಈಚಿನ ನೀರು. ಅದೇ ನೀರು ಯುರೇನಿಯಂ ತಂದು ಕಬ್ಬಿಣದ ಆಕ್ಸೈಡಿಗೆ ಅಂಟಿಸಬಲ್ಲದು; ಆ ಯುರೇನಿಯಂ ಕ್ಷಯಿಸಿ ಹೊಸ ಸೀಸ ಹುಟ್ಟಿಸಿದರೆ ಹಳೆಯ ಗುರುತು ಕೆಟ್ಟಿತು.

ಬೇಕಾದದ್ದು ಗೆಲೀನಾ, ಅಂದರೆ ಸೀಸದ ಸಲ್ಫೈಡ್ ಖನಿಜ. ತೂಕದಲ್ಲಿ ಶೇ. 86.6 ಸೀಸ, ಯುರೇನಿಯಂ ಇಲ್ಲವೆಂದರೂ ನಡೆಯುತ್ತದೆ. ಹರಳು ಕಟ್ಟಿದಾಗ ಇದ್ದ ಸೀಸದ ಐಸೊಟೋಪ್‌ಗಳ ಅನುಪಾತ ಹಾಗೇ ನಿಂತುಬಿಡುತ್ತದೆ. ಸೀಸ-207 ಹುಟ್ಟುವುದು ಯುರೇನಿಯಂ-235ರಿಂದ. ಅದರ ಅರ್ಧಾಯುಷ್ಯ ಬರೀ 70.4 ಕೋಟಿ ವರ್ಷ. ಹಾಗಾಗಿ 207ರ ಬಹುಪಾಲು ಭೂಮಿಯ ಎಳೆವಯಸ್ಸಿನಲ್ಲೇ ಹುಟ್ಟಿಯಾಯಿತು. ಸೀಸಕ್ಕೆ ಹೋಲಿಸಿದರೆ ಯುರೇನಿಯಂ ಹೆಚ್ಚಿರುವ, ಅಂದರೆ ಮ್ಯೂ ಹೆಚ್ಚಿರುವ ಖಂಡ ಅಷ್ಟು ಹಿಂದೆಯೇ ಇದ್ದರೆ ಅದರ ಗುರುತು 207ರಲ್ಲಿ ಉಳಿಯುತ್ತದೆ. ಆಸ್ಟ್ರೇಲಿಯಾದ ಯಿಲ್ಗಾರ್ನ್ ಗೆಲೀನಾ ತೋರಿಸುವ ಮೂಲದ ಮ್ಯೂ ಹೆಚ್ಚು, ಕೆನಡಾದ ಅಬಿಟಿಬಿಯದು ಕಡಿಮೆ: ಒಂದರ ಅಡಿಯಲ್ಲಿ ಹಳೆಯ ತೊಗಟೆ, ಇನ್ನೊಂದರ ಮೂಲ ಬಹುಮಟ್ಟಿಗೆ ತೊಗಟೆಯ ಕೆಳಗಿನ ಮ್ಯಾಂಟಲ್.

ಮರಳಕಾಳಿನಷ್ಟು ಹೊಳೆಯುವ ಚೂರು ಸಾಕು. ಬಿಳಿ ಹೊದಿಕೆ ಕಂಡರೆ ಬಿಡಿ, ಅದು ಹವೆಗೆ ಕೆಟ್ಟದ್ದು. ಗಾಢ ನೈಟ್ರಿಕ್ ಆಮ್ಲ ಹಾಕಿದರೆ ಸೀಸದ ಸಲ್ಫೇಟ್ ಬಿಳಿಯಾಗಿ ತಳಕ್ಕೆ ಕೂರುತ್ತದೆ. ಬಿಸಿ ಹೈಡ್ರೋಕ್ಲೋರಿಕ್ ವಾಸಿ, ಆದರೆ ದ್ರಾವಣ ದಟ್ಟವಾಗಿದ್ದು ತಣಿದರೆ ಕ್ಲೋರೈಡಿನ ಸೂಜಿಗಳು ಏಳುತ್ತವೆ, ತೆಳು ಮಾಡಿಕೊಳ್ಳಿ. ಆಮೇಲೆ ಆನಯಾನ್ ರಾಳದ ಕಾಲಂ: 1 ಮೋಲಾರ್ ಹೈಡ್ರೋಬ್ರೋಮಿಕ್‌ನಲ್ಲಿ ಹಿಡಿಸಿ, 6 ಮೋಲಾರ್ ಹೈಡ್ರೋಕ್ಲೋರಿಕ್‌ನಲ್ಲಿ ಇಳಿಸುವುದು. ಐಸೊಟೋಪ್ ಅಳೆಯುವ ಯಂತ್ರದ (ಮಾಸ್ ಸ್ಪೆಕ್ಟ್ರೋಮೀಟರ್) ರೀನಿಯಂ ತಂತಿಯ ಮೇಲೆ ಸಿಲಿಕಾ ಜೆಲ್, ಫಾಸ್ಫಾರಿಕ್ ಆಮ್ಲದ ಜೊತೆ ಇಟ್ಟು ಕಾಯಿಸುವಾಗ ಹಗುರ ಐಸೊಟೋಪ್ ಮುಂಚೆ ಹಾರುತ್ತದೆ, ಪ್ರತಿ ದ್ರವ್ಯಮಾನ ಘಟಕಕ್ಕೆ ಸುಮಾರು ಶೇ. 0.1. ಅನುಪಾತ ಮೊದಲೇ ಗೊತ್ತಿರುವ ಸೀಸ, ಎಸ್‌ಆರ್‌ಎಂ 981 ಮಾನಕವನ್ನು ಅದೇ ಉಷ್ಣತೆಯಲ್ಲಿ ಓಡಿಸಿ ತಿದ್ದಬೇಕು.

ನಿಜವಾದ ತಲೆನೋವು ಸೀಸ-204. ಸೀಸದಲ್ಲಿ ಅದರ ಪಾಲು ಸುಮಾರು ಶೇ. 1.4, ಆದರೆ ಎಲ್ಲ ಅನುಪಾತಕ್ಕೂ ಛೇದ ಅದೇ. ತಂತಿಯ ಬದಲು ಪ್ಲಾಸ್ಮಾದಲ್ಲಿ ಕಾಯಿಸುವ ಯಂತ್ರವಾದರೆ ಆರ್ಗಾನ್ ಅನಿಲದ ಪಾದರಸ-204 ಅದರ ಮೇಲೇ ಬಂದು ಕೂರುತ್ತದೆ; ಪಾದರಸ-202 ಅಳೆದು ಕಳೆಯದಿದ್ದರೆ ಲೆಕ್ಕ ಕೆಟ್ಟಿತು. ಇದರ ಕುತಂತ್ರ ನೋಡಿ: 270 ಕೋಟಿ ವರ್ಷದ ಗೆಲೀನಾದಲ್ಲಿ 206/204 ಸುಮಾರು 13.6, 207/204 ಸುಮಾರು 14.7. 206/204 ಅಡ್ಡಕ್ಕೆ, 207/204 ಉದ್ದಕ್ಕೆ ಇಟ್ಟು ನಕ್ಷೆ ಬರೆದರೆ, 204ರ ದೋಷ ಬಿಂದುಗಳನ್ನು ಜಾರಿಸುವ ಗೆರೆಯ ಇಳಿಜಾರು ಹಾಗಾಗಿ 1.08. ಒಂದೇ ವಯಸ್ಸಿನ, ಬೇರೆ ಬೇರೆ ಮ್ಯೂ ಇರುವ ಮೂಲಗಳು ನಿಲ್ಲುವ ಗೆರೆಯದೂ ಹೆಚ್ಚುಕಡಿಮೆ ಅಷ್ಟೇ! ಇಲ್ಲದ ಖಂಡ ಕಾಗದದ ಮೇಲೆ ಎದ್ದು ನಿಲ್ಲುತ್ತದೆ. ಅದಕ್ಕೇ ಒಂದೇ ದ್ರಾವಣವನ್ನು ನಾಲ್ಕೈದು ಸಲ ಅಳೆಯಿರಿ. ಅದರ ಬಿಂದುಗಳೇ ಆ ಗೆರೆಯುದ್ದ ಹರಡಿಕೊಂಡರೆ, ಕಲ್ಲನ್ನು ಬಿಟ್ಟು ಯಂತ್ರ ನೋಡಿ.