ತೋಟಕ್ಕಾ, ಮದುವೆಗಾ

"ಸರ್, ಗಾಡಿ ಜಾಸ್ತಿ ಎಲ್ಲಿ ಓಡಿಸ್ತೀರಿ?" ಶೋರೂಮಿನ ಹುಡುಗ ಕೇಳಿದ.

"ತೋಟಕ್ಕೆ," ಅಂದರು ಭಾವ.

"ಮದುವೆಗೆ," ಅಂದಳು ಅಕ್ಕ.

ಇಬ್ಬರೂ ಒಟ್ಟಿಗೇ ಅಂದರು. ಪೆನ್ನು ಹಿಡಿದು ಕೂತಿದ್ದ ಹುಡುಗ ಯಾವುದನ್ನು ಬರೆದುಕೊಳ್ಳೋದು ಅಂತ ತಿಳಿಯದೆ ನನ್ನ ಮುಖ ನೋಡಿದ. ನಾನು ನಕ್ಕುಬಿಟ್ಟೆ. ನಾನು ನಕ್ಕಿದ್ದು ನೋಡಿ ಅವನೂ ನಕ್ಕ. ಭಾವ ನಗಲಿಲ್ಲ. ಕಾಫಿ ಕಪ್ಪು ಎತ್ತಿಕೊಂಡು ಗಾಜಿನ ಆಚೆ ನಿಂತಿದ್ದ ಲ್ಯಾಂಡ್ ರೋವರ್ ಕಂಪನಿಯ ದೊಡ್ಡ ಗಾಡಿ ಡಿಫೆಂಡರ್ ನೋಡತೊಡಗಿದರು. ಕಾಫಿ ಬೆಳೆಯೋ ಮನುಷ್ಯ ಆ ಮಿಷಿನ್ ಕಾಫಿಯನ್ನು ಮುಖ ಸಿಂಡರಿಸದೆ ಕುಡಿದರು ಅಂದರೆ ಮನಸ್ಸು ಬೇರೆಲ್ಲೋ ಇತ್ತು ಅಂತಲೇ ಅರ್ಥ. ನನಗೆ ಆಗ ಹೊಳೆಯಲಿಲ್ಲ.

ಇದು ಹೋದ ಶನಿವಾರದ ಮಾತು. ಇವತ್ತು ಶುಕ್ರವಾರ. ಆರು ದಿನದಿಂದ ಆ ಎರಡು ಪದ ನನ್ನ ತಲೆಯಲ್ಲಿ ಓಡಾಡುತ್ತಿವೆ.

ಭಾವನ ತೋಟ ಸಕಲೇಶಪುರದ ಹತ್ತಿರ. 2025ರ ಆರಂಭದಲ್ಲಿ ಹಣ್ಣಿನ ಸಿಪ್ಪೆ ತೆಗೆದು ಒಣಗಿಸಿದ ಅರೇಬಿಕಾ ಕಾಫಿ ಬೀಜದ, ಅಂದರೆ ಪಾರ್ಚ್‌ಮೆಂಟಿನ 50 ಕಿಲೋ ಚೀಲ 25 ಸಾವಿರ ದಾಟಿತಲ್ಲ, ಆವಾಗಿಂದ ಆ ಕಡೆ ಹೊಸ ಗಾಡಿಗಳದ್ದೇ ಸುದ್ದಿ. ಅದೇ ವರ್ಷ ಸೆಪ್ಟೆಂಬರ್ 22ಕ್ಕೆ ಜಿಎಸ್‌ಟಿ ಬದಲಾಯಿತು. ಸೆಸ್ ಸೇರಿ 50 ಪರ್ಸೆಂಟ್ ಇದ್ದ ದೊಡ್ಡ ಗಾಡಿಗಳ ತೆರಿಗೆ 40ಕ್ಕೆ ಇಳಿಯಿತು. ಭಾವ ಅದೇ ವಾರ ಫೋನ್ ಮಾಡಿದ್ದರು. "ಏನೋ, ಡಿಫೆಂಡರ್ ನೋಡೋಣ ಅಂತಿದೀನಿ. ನೀನು ಇದೆಲ್ಲ ಓದ್ಕೊಂಡಿರ್ತೀಯಲ್ಲ, ಯಾವ ಇಂಜಿನ್ ಅಂತ ಹೇಳು."

ನಾನು ಓದಿಕೊಂಡಿದ್ದೆ. ನನ್ನ ಹತ್ತಿರ ಇರೋದು ಒಂಬತ್ತು ವರ್ಷದ ಹಳೇ ಸಣ್ಣ ಪೆಟ್ರೋಲ್ ಕಾರು. ಆದರೆ ಕೋಟಿ ರೂಪಾಯಿ ಗಾಡಿಗಳ ಬಗ್ಗೆ ಅಧಿಕಾರದಿಂದ ಮಾತಾಡೋದರಲ್ಲಿ ನಾನು ಯಾರಿಗೂ ಕಮ್ಮಿ ಇಲ್ಲ. ಗಾಡಿ ಇಲ್ಲದವನಿಗೆ ಓದೋಕೆ ಪುರುಸೊತ್ತು ಜಾಸ್ತಿ ಅಲ್ವಾ.

ಆಯ್ಕೆ ಮೂರಿತ್ತು. ಎರಡು ಲೀಟರಿನ, ನಾಲ್ಕು ಸಿಲಿಂಡರಿನ ಟರ್ಬೋ ಪೆಟ್ರೋಲ್: 300 ಕುದುರೆ ಶಕ್ತಿ, 400 ನ್ಯೂಟನ್ ಮೀಟರ್ ಟಾರ್ಕ್ (ಚಕ್ರ ತಿರುಗಿಸೋ ಬಲ). ಮೂರು ಲೀಟರಿನ ಆರು ಸಿಲಿಂಡರ್ ಡೀಸೆಲ್: ಟಾರ್ಕ್ 650ಕ್ಕೆ ಕಡಿಮೆ ಇಲ್ಲ. ಮತ್ತೆ ಐದು ಲೀಟರಿನ ವಿ8 ಪೆಟ್ರೋಲ್: 425 ಕುದುರೆ. ವಿ8 ಬೇಕು ಅಂದವನು ಟೆಕ್ಸಾಸಿನಲ್ಲಿರೋ ಭಾವನ ಮಗ. ವಿಡಿಯೋ ಕಾಲಿನಲ್ಲಿ "ಡ್ಯಾಡ್, ಆ ಸೌಂಡ್ ಒಂದ್ಸಲ ಕೇಳಿ" ಅಂದ. ಅಲ್ಲಿ ಪೆಟ್ರೋಲ್ ಗ್ಯಾಲನ್ ಲೆಕ್ಕದಲ್ಲಿ ಹಾಕಿಸಿ ಹಾಕಿಸಿ ಅವನಿಗೆ ಲೀಟರಿನ ಬೆಲೆ ಮರೆತುಹೋಗಿದೆ. ಒಳ್ಳೆ ಹುಡುಗ. ಆದರೆ ಊರಿಗೆ ಬಂದು ಎರಡೂವರೆ ವರ್ಷವಾಯಿತು. ಅಪ್ಪನ ಗಾಡಿಯ ಸದ್ದು ಅವನಿಗೆ ಯಾಕೆ ಬೇಕೋ.

ಉಳಿದದ್ದು ಪೆಟ್ರೋಲಾ ಡೀಸೆಲ್ಲಾ ಅನ್ನೋದು. ಮಲೆನಾಡಿನಲ್ಲಿ ಇದು ಪ್ರಶ್ನೆಯೇ ಅಲ್ಲ. ಜೀಪು ಅಂದರೆ ಡೀಸೆಲ್. ಭಾವನ ಮನೆಯ ಹಳೇ ಜೀಪು ಹುಟ್ಟಿದ್ದು ಪೆಟ್ರೋಲ್ ಗಾಡಿಯಾಗಿಯೇ. ಪೆಟ್ರೋಲ್ ತುಟ್ಟಿ ಅಂತ ಅವರ ಅಪ್ಪ ಆ ಇಂಜಿನ್ ಇಳಿಸಿ ಪ್ಯೂಜೋ ಡೀಸೆಲ್ ಇಂಜಿನ್ ಕೂರಿಸಿದ್ದರಂತೆ. ಆಗ ಆ ಸೀಮೆಯ ಎಷ್ಟೋ ಜೀಪುಗಳಿಗೆ ಇದೇ ಆಪರೇಷನ್ ಆಗಿತ್ತು. ಅರವತ್ತರ ಆಸುಪಾಸು ಕುದುರೆ, ಅಷ್ಟೇ. ಅದರಲ್ಲೇ ಗೊಬ್ಬರದ ಮೂಟೆ, ಕಾಫಿ ಚೀಲ, ಹದಿನಾಲ್ಕು ಆಳು, ಮೇಲೊಂದು ಏಣಿ ಹೇರಿಕೊಂಡು ಮಳೆಗಾಲದ ಏರು ಹತ್ತುತ್ತಿದ್ದರು. ಡೀಸೆಲ್ ತೋಟದ ಡ್ರಮ್ಮಿನಲ್ಲೇ ಇರುತ್ತೆ. ಕಾಫಿ ಗಿಡಕ್ಕೆ ಹೂ ಬಿಡಿಸೋ ಹೂ ಮಳೆ ಕೈಕೊಟ್ಟರೆ ಸ್ಪ್ರಿಂಕ್ಲರ್ ಓಡೋದೂ ಅದರಲ್ಲೇ, ಕಾಫಿ ಹಣ್ಣಿನ ಸಿಪ್ಪೆ ತೆಗೆಯೋ ಪಲ್ಪರ್ ತಿರುಗೋದೂ ಅದರಲ್ಲೇ. ಭಾವ ಡೀಸೆಲ್ ಅಂದರೆ ಅದು ಇಂಜಿನ್ ಅಲ್ಲ, ಕುಲಾಚಾರ.

ನಾನು ಪೆಟ್ರೋಲ್ ಅಂದೆ. ನನ್ನ ಲೆಕ್ಕ ಸುಳ್ಳಲ್ಲ, ಈಗಲೂ ಅದೇ ಹೇಳುತ್ತೇನೆ. ಈಗಿನ ಡೀಸೆಲ್ ಆ ಪ್ಯೂಜೋ ಅಲ್ಲ. 2020ರ ಏಪ್ರಿಲ್‌ನಿಂದ ಹೊಗೆಗೆ ಬಿಗಿ ಮಿತಿ ಹಾಕೋ ಬಿಎಸ್6 ನಿಯಮ ಬಂತು. ಹೊಗೆ ಕೊಳವೆಯಲ್ಲಿ ಡಿಪಿಎಫ್ ಅನ್ನೋ ಸೋಸುವ ಡಬ್ಬಿ ಕೂತಿತು. ಮಸಿ ಅದರಲ್ಲಿ ಕೂಡಿಕೊಳ್ಳುತ್ತೆ. ಸುಮಾರು 600 ಡಿಗ್ರಿ ಬಿಸಿಯಾದಾಗ ಗಾಡಿ ತಾನೇ ಅದನ್ನು ಸುಟ್ಟು ಖಾಲಿ ಮಾಡಿಕೊಳ್ಳುತ್ತೆ. ಆ ಬಿಸಿ ಬರಬೇಕಾದರೆ ಹೈವೇ ಮೇಲೆ ಒಂದೇ ಸಮ ಓಡಬೇಕು. ಭಾವನ ದಿನದ ಓಡಾಟ ಎಷ್ಟು? ತೋಟದಿಂದ ಪೇಟೆಗೆ ಆರು ಕಿಲೋಮೀಟರ್, ಅದರಲ್ಲಿ ಎರಡು ಮಣ್ಣು ರಸ್ತೆ. ಇಂಜಿನ್ ಬೆಚ್ಚಗಾಗೋ ಹೊತ್ತಿಗೆ ಬ್ಯಾಂಕ್ ಬಂದಿರುತ್ತೆ. ಅವರ ಪಕ್ಕದ ತೋಟದವರು ಇಂಥದ್ದೇ ಒಂದು ದೊಡ್ಡ ಡೀಸೆಲ್ ಗಾಡಿ ತಗೊಂಡು ಡಬ್ಬಿ ತುಂಬಿದೆ ಅನ್ನೋ ಎಚ್ಚರಿಕೆ ದೀಪವನ್ನು ತಿಂಗಳಿಗೊಮ್ಮೆ ನೋಡಿದರು. ಈಗ ಭಾನುವಾರ ಬೆಳಿಗ್ಗೆ ಗಾಡಿಯನ್ನು ಹಾಸನದವರೆಗೆ ಸುಮ್ನೆ ಓಡಿಸಿ ವಾಪಸ್ ತರುತ್ತಾರೆ. ಜನ ನಾಯಿಯನ್ನು ವಾಕಿಂಗ್ ಕರ್ಕೊಂಡು ಹೋಗ್ತಾರೆ. ಅವರು ಗಾಡಿಯನ್ನು.

ಇನ್ನೊಂದು, ಯೂರಿಯಾ. ಹೊಗೆಯಲ್ಲಿರೋ ನೈಟ್ರೋಜನ್ ಆಕ್ಸೈಡ್ ಮುರಿಯೋಕೆ ನೂರಕ್ಕೆ 32.5 ಪಾಲು ಯೂರಿಯಾ ಕರಗಿಸಿದ ಶುದ್ಧ ನೀರನ್ನು ಬೇರೆ ಟ್ಯಾಂಕಿಗೆ ಹಾಕಬೇಕು. ಇದನ್ನು ತೋಟದ ಲೆಕ್ಕ ನೋಡೋ ರೈಟರಿಗೆ ವಿವರಿಸಿದಾಗ ಅವರು ತುಂಬ ಹೊತ್ತು ಸುಮ್ಮನಿದ್ದರು. 2025ರ ಮಳೆಗಾಲದಲ್ಲಿ ಯೂರಿಯಾಕ್ಕೆ ರೈತರು ಸೊಸೈಟಿ ಮುಂದೆ ಸಾಲು ನಿಂತದ್ದು ನೆನಪಿದೆಯಲ್ಲ? "ಗಿಡಕ್ಕೇ ಸಿಗ್ತಿಲ್ಲ ಸ್ವಾಮಿ. ಗಾಡಿಗೂ ಯೂರಿಯಾನಾ?" ಅಂದರು. ಗೊಬ್ಬರದ ಯೂರಿಯಾ ಇದಕ್ಕೆ ಹಾಕೋ ಹಾಗಿಲ್ಲ ಅಂತ ನಾನು ಎರಡು ಸಲ ಒತ್ತಿ ಹೇಳಿದೆ. ಅವರ ಕಣ್ಣಲ್ಲಿ ಒಂದು ಯೋಚನೆ ಓಡಿದ್ದು ಕಂಡಿತ್ತು.

ದುಡ್ಡಿನ ಲೆಕ್ಕವೂ ಹಾಕಿದೆ. ವರ್ಷಕ್ಕೆ ಎಂಟು ಸಾವಿರ ಕಿಲೋಮೀಟರ್. ಪೆಟ್ರೋಲ್ ಗಾಡಿ ಲೀಟರಿಗೆ ಏಳು, ಡೀಸೆಲ್ ಹತ್ತು ಕೊಡುತ್ತೆ ಅಂತಲೇ ಹಿಡಿಯೋಣ. ಪೆಟ್ರೋಲ್ 103, ಡೀಸೆಲ್ 91 ರೂಪಾಯಿ ಅಂದರೂ ಡೀಸೆಲ್‌ನಿಂದ ಉಳಿಯೋದು ವರ್ಷಕ್ಕೆ 45 ಸಾವಿರದ ಹತ್ತಿರ. ಡೀಸೆಲ್ ಗಾಡಿ ಹತ್ತು ಲಕ್ಷ ಜಾಸ್ತಿ ಅಂತಿಟ್ಟುಕೊಂಡರೆ, ಆ ದುಡ್ಡು ಹುಟ್ಟೋಕೆ 22 ವರ್ಷ ಬೇಕು. ಭಾವನಿಗೆ ಆಗ 82. ಅದರ ಮೇಲೆ ನಮ್ಮ ರಾಜ್ಯದ ರೋಡ್ ಟ್ಯಾಕ್ಸ್ ಬೇರೆ. 20 ಲಕ್ಷ ದಾಟಿದ ಕಾರಿಗೆ 18 ಪರ್ಸೆಂಟು, ಸೆಸ್ ಸೇರಿ 20ರ ಹತ್ತಿರ. ಗಾಡಿಯ ಬೆಲೆ ಏರಿದಷ್ಟೂ ಅದೂ ಏರುತ್ತೆ.

"ಏರು ಹತ್ತಬೇಕಲ್ಲೋ, ಟಾರ್ಕ್ ಬೇಡ್ವಾ?" ಅಂದರು ಭಾವ. ಕಡಿದಾದ ಏರಿಗೆ ಅಂತ ಇರೋ ಲೋ ರೇಂಜ್ ಗೇರಿಗೆ ಹಾಕಿದರೆ ಚಕ್ರಕ್ಕೆ ಹೋಗೋ ಟಾರ್ಕ್ ಸುಮಾರು ಮೂರು ಪಟ್ಟಾಗುತ್ತೆ, ಆ 400 ಧಾರಾಳ ಸಾಕು ಅಂದೆ. ಕುದುರೆ ಲೆಕ್ಕದಲ್ಲಿ ಹಳೇ ಜೀಪಿನಂಥ ಐದು ಇಂಜಿನ್ ಇದರಲ್ಲಿವೆ ಅಂದೆ. ಡೀಸೆಲ್ಲಿನ ಸುಖವೇ ಬೇರೆ ಅನ್ನೋದು ನಿಜ. 1500 ಸುತ್ತಿಗೇ ಪೂರ್ತಿ ಬಲ ಬಂದುಬಿಡುತ್ತೆ. ಎಕ್ಸಲರೇಟರ್ ತುಳಿದು ಚಕ್ರ ಸುತ್ತಿಸೋ ಅಗತ್ಯ ಇಲ್ಲ, ಜಾರೋ ಕೆಂಪು ಮಣ್ಣಿನಲ್ಲಿ ಅದೊಂದು ವರ. ಆದರೆ ಕೋಟಿಯ ಗಾಡಿಯನ್ನು ಯಾರಾದರೂ ಆ ಕೆಂಪು ಮಣ್ಣಿಗೆ ಇಳಿಸ್ತಾರಾ? ತೋಟದ ಕೆಲಸಕ್ಕೆ ಪಿಕಪ್ ಇದೆ.

ಟೆಸ್ಟ್ ಡ್ರೈವ್ ಬಗ್ಗೆ ಹೇಳೋಕೆ ಏನೂ ಇಲ್ಲ. ಬೆಂಗಳೂರಿನ ಶನಿವಾರದ ಟ್ರಾಫಿಕ್. ಪೆಟ್ರೋಲೂ ಗಂಟೆಗೆ ಹದಿನೆಂಟು ಕಿಲೋಮೀಟರ್, ಡೀಸೆಲ್ಲೂ ಹದಿನೆಂಟು. 900 ಮಿಲಿಮೀಟರ್ ನೀರಿನಲ್ಲಿ ಹೋಗುತ್ತೆ ಅಂತ ಹುಡುಗ ಹೇಳಿದ. ಅಂಡರ್‌ಪಾಸಿಗೆ ಬೇಕಾಗುತ್ತೆ ಬಿಡಿ ಅಂದೆ. ಆ ಹುಡುಗನ ಬಗ್ಗೆ ಮಾತ್ರ ಒಂದು ಮಾತು. ನಾನು ಎರಡು ತಿಂಗಳು ವಿಡಿಯೋ ನೋಡಿ ತಲೆ ಕೆಡಿಸಿಕೊಂಡಿದ್ದೆ. ಅವನು ಬ್ರೋಶರ್ ತೆಗೆಯೋ ಮೊದಲೇ ಕೇಳಬೇಕಾದ ಒಂದೇ ಪ್ರಶ್ನೆ ಕೇಳಿದ. ಎಲ್ಲಿ ಓಡಿಸ್ತೀರಿ? ಅದಕ್ಕೆ ನಿಜವಾದ ಉತ್ತರ ಸಿಕ್ಕರೆ ಇಂಜಿನ್ ತಾನಾಗೇ ಸಿಗುತ್ತೆ.

ನಿಜವಾದ ಉತ್ತರ ಅಕ್ಕನದು ಅಂತ ನಾನು ನಂಬಿದ್ದೆ. ಅದಕ್ಕೇ ನಕ್ಕಿದ್ದು. ಭಾವ ಸ್ವಲ್ಪ ಡೌಲಿನ ಮನುಷ್ಯ. ಮದುವೆ ಮನೆಗೆ ಹೋದರೆ ಗಾಡಿಯನ್ನು ಚಪ್ಪರದ ಬಾಗಿಲಿಗೇ ತಂದು ನಿಲ್ಲಿಸ್ತಾರೆ. ಇಳಿದ ಮೇಲೆ ಪಂಚೆ ಸರಿ ಮಾಡಿಕೊಳ್ಳೋಕೆ ಎರಡು ನಿಮಿಷ ತಗೋತಾರೆ. ಎಲ್ಲರೂ ನೋಡಲಿ ಅಂತ. ಕೈ ಧಾರಾಳ, ಮನಸ್ಸು ದೊಡ್ಡದು, ಆದರೆ ಈ ಒಂದು ಚಟ. ಅಕ್ಕ ಅದನ್ನೇ ಚುಚ್ಚಿದಳು ಅಂದುಕೊಂಡೆ.

ಮಂಗಳವಾರ ರಾತ್ರಿ ಅಕ್ಕನ ಫೋನ್. ದನಿ ತಗ್ಗಿಸಿ ಮಾತಾಡುತ್ತಿದ್ದಳು. ಹಿಂದೆ ಟಿವಿ ಸದ್ದು.

"ನೀನೇ ಒಂದು ಮಾತು ಹೇಳೋ. ಡೀಸೆಲ್ಲೇ ತಗೊಳ್ಲಿ."

"ಯಾಕೆ? ನೀನೇ ಅಲ್ವಾ ಮದುವೆಗೆ ಅಂದಿದ್ದು?"

"ನಾಲಿಗೆ ಜಾರಿತು ಕಣೋ. ಅವತ್ತಿಂದ ಸರಿಯಾಗಿ ಊಟ ಮಾಡ್ತಿಲ್ಲ. ನಿನ್ನ ಮದುವೆ ನೆನಪಾಗಿದೆ ಅವರಿಗೆ."

ನನ್ನ ಮದುವೆ ಆಗಿದ್ದು 2002ರಲ್ಲಿ. ಅಕ್ಕ ಭಾವ ತಡವಾಗಿ ಬಂದರು, ಅದು ನೆನಪಿದೆ. ಧಾರೆಗೆ ಇನ್ನು ಹತ್ತು ನಿಮಿಷ ಇತ್ತು. ಭಾವನ ಬಿಳಿ ಶರ್ಟಿನ ಬೆನ್ನು ಬೆವರಿನಲ್ಲಿ ಒದ್ದೆ. "ಗಾಡಿ ರಿಪೇರಿಗೆ ಬಿಟ್ಟಿದೀನಿ, ಬಸ್ಸಲ್ಲಿ ಬಂದ್ವಿ" ಅಂದಿದ್ದರು. ಅಳಿಯಂದಿರು ಮದುವೆಗೆ ಬಸ್ಸಲ್ಲಿ ಬಂದರಲ್ಲ ಅಂತ ನಮ್ಮ ದೊಡ್ಡಪ್ಪ ಗೇಲಿ ಮಾಡಿದ್ದೂ ನೆನಪಿದೆ. ನಾನು ಆಗಲೂ ನಕ್ಕಿದ್ದೆ ಅಂತ ಕಾಣುತ್ತೆ. ಮದುಮಗ ಎಲ್ಲದಕ್ಕೂ ನಗ್ತಾನೆ.

ಜೀಪು ರಿಪೇರಿಗೆ ಹೋಗಿರಲಿಲ್ಲ. ಮಾರಿದ್ದರು. ಕಾಫಿ ರೇಟು ನೆಲ ಕಚ್ಚಿದ ವರ್ಷಗಳವು. ಕೊಯ್ದರೆ ಕೊಯ್ಲಿನ ಕೂಲಿಯೂ ಹುಟ್ಟುತ್ತಿರಲಿಲ್ಲ. ಮೊದಲು ಸಿಲ್ವರ್ ಓಕ್ ಮರ ಕಡಿಸಿದರು, ಆಮೇಲೆ ಅಕ್ಕನ ಬಳೆ, ಆಮೇಲೆ ಜೀಪು. ನನ್ನ ಮದುವೆಗೆ ಎಂಟು ದಿನ ಮುಂಚೆ, ಆಳುಗಳ ಬಟವಾಡೆಗೆ. "ಮದುವೆ ಮುಗಿಯೋ ತನಕ ಯಾರಿಗೂ ಹೇಳ್ಬೇಡ ಅಂದ್ರು. ಆಮೇಲೆ ಹೇಳೋ ಸಂದರ್ಭ ಬರ್ಲಿಲ್ಲ," ಅಂದಳು ಅಕ್ಕ. 23 ವರ್ಷ ಬರಲಿಲ್ಲ.

ಚಪ್ಪರದ ಬಾಗಿಲಿಗೇ ಗಾಡಿ ನಿಲ್ಲಿಸೋದು, ಪಂಚೆ ಸರಿ ಮಾಡಿಕೊಳ್ಳೋದು ನಾನು ಕಂಡಿದ್ದೆಲ್ಲ ಅದರ ನಂತರದ ವರ್ಷಗಳಲ್ಲಿ. ಅದಕ್ಕೂ ಮುಂಚೆ ಅವರು ಹಾಗೆ ಮಾಡ್ತಿದ್ದರಾ? ಮೂರು ದಿನದಿಂದ ನೆನಪು ಮಾಡಿಕೊಳ್ಳೋಕೆ ನೋಡ್ತಿದೀನಿ. ಹಳೇ ಫೋಟೋ ಆಲ್ಬಮ್ ಕೂಡ ತೆಗೆದೆ. ನನ್ನ ನಾಮಕರಣದ್ದೊಂದು ಬಿಟ್ಟು ಮನೆಯ ಎಲ್ಲ ಸಮಾರಂಭಗಳ ಫೋಟೋ ಇವೆ, ಒಂದರಲ್ಲೂ ಗಾಡಿ ಇಲ್ಲ. ಗಾಡಿಯ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳೋ ಮನುಷ್ಯ ಆಗ ಅವರಾಗಿರಲಿಲ್ಲ.

ಹಾಗಾದರೆ ಶನಿವಾರ ಆ ಹುಡುಗನಿಗೆ ಸುಳ್ಳು ಹೇಳಿದ್ದು ಯಾರು? ಭಾವ ತೋಟಕ್ಕೆ ಅಂದದ್ದು ಡಂಬಕ್ಕಲ್ಲ. ತೋಟದಿಂದ ಹೋದ ಜೀಪು ತೋಟಕ್ಕೇ ವಾಪಸ್ ಬರಬೇಕು ಅನ್ನೋದು ಅವರ ಲೆಕ್ಕ. ಅದು ಡೀಸೆಲ್ ಆಗಿಯೇ ಹೋಗಿತ್ತು. ಅಕ್ಕ ಮದುವೆಗೆ ಅಂದದ್ದೂ ಸುಳ್ಳಲ್ಲ. ನಾನು ಏಳು ಕಿಲೋಮೀಟರ್, ಹತ್ತು ಕಿಲೋಮೀಟರ್ ಅಂತ ಎಕ್ಸೆಲ್ ಶೀಟ್ ಮಾಡಿ ಕಳಿಸಿದ್ದೆ. ಅದರಲ್ಲಿ 2002ಕ್ಕೆ ಕಾಲಮ್ ಇರಲಿಲ್ಲ. ಈ ಇಂಜಿನ್ ಚರ್ಚೆ ಮಾಡೋ ನಮ್ಮಂಥವರಿಗೆಲ್ಲ ಒಂದು ಹುಚ್ಚು ಧೈರ್ಯ. ಅವನಿಗೆ ಇದು ವೇಸ್ಟು, ಇವನಿಗೆ ಅದು ಸಾಕು ಅಂತ ತೀರ್ಪು ಕೊಡ್ತಾ ಹೋಗ್ತೀವಿ. ಪಕ್ಕದ ತೋಟದವರ ಭಾನುವಾರದ ಹಾಸನ ಯಾತ್ರೆಗೆ ನಾನು ಎಷ್ಟು ನಕ್ಕಿದೀನಿ. ಅವರ ಹೆಂಡತಿ ತೀರಿಹೋಗಿ ಮೂರು ವರ್ಷವಾಯಿತು. ಭಾನುವಾರ ಬೆಳಿಗ್ಗೆ ಅವರಿಗೆ ಮನೆಯಿಂದ ಹೊರಬೀಳೋಕೆ ಒಂದು ನೆಪ ಬೇಕಿತ್ತೋ ಏನೋ.

ಲೆಕ್ಕ ಮಾತ್ರ ಈಗಲೂ ಪೆಟ್ರೋಲ್ ಅಂತಲೇ ಹೇಳುತ್ತೆ. ಅದನ್ನು ತಿದ್ದೋಕೆ ಹೋಗಲ್ಲ.

ಬುಧವಾರ ನಾನು ಭಾವನಿಗೆ ಫೋನ್ ಮಾಡಿ, "ಯೋಚನೆ ಮಾಡಿದೆ ಭಾವ, ಡೀಸೆಲ್ಲೇ ಸರಿ ಅನ್ಸುತ್ತೆ. ಪೆಟ್ರೋಲಲ್ಲಿ ಈಗ 20 ಪರ್ಸೆಂಟ್ ಎಥನಾಲ್ ಬೇರೆ, ತೇವ ಎಳ್ಕೊಳ್ಳುತ್ತೆ. ನಿಮ್ಮ ಕಡೆ ಮಳೆ ಜಾಸ್ತಿ" ಅಂತ ಏನೇನೋ ಅಂದೆ. ಹೊಸ ಗಾಡಿಗಳು ಎಥನಾಲಿಗೆ ತಯಾರಾಗಿಯೇ ಬರ್ತವೆ ಅಂತ ನಾನೇ ಹೋದ ತಿಂಗಳು ಅವರಿಗೆ ಪಾಠ ಮಾಡಿದ್ದೆ. ಅವರು ಅದನ್ನು ಎತ್ತಲಿಲ್ಲ. "ಹೂಂ" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ನಿಮ್ಮಕ್ಕ ಫೋನ್ ಮಾಡಿದ್ಲಾ?" ಅಂದರು.

ಇಲ್ಲ ಅಂದೆ.

ನಿನ್ನೆ ಸಂಜೆ ಬುಕ್ ಮಾಡಿದರಂತೆ. ಡೀಸೆಲ್. ಬಣ್ಣ ಹಸಿರು. ಗಾಡಿ ಬರೋಕೆ ಎರಡು ತಿಂಗಳ ಮೇಲಾಗುತ್ತಂತೆ. ಅಷ್ಟರೊಳಗೆ ನಮ್ಮ ದೊಡ್ಡಪ್ಪನ ಮೊಮ್ಮಗಳ ಮದುವೆ ಇದೆ, ಮಂಗಳೂರಿನಲ್ಲಿ. ಅವರ ಈಗಿನ ಕಾರು ಮಗಳ ಮನೆಯಲ್ಲಿದೆ.

"ನೀನು ಬೆಂಗಳೂರಿಂದ ಹೆಂಗೂ ಅದೇ ದಾರೀಲಿ ಬರ್ತೀಯಲ್ಲ," ಅಂದರು ಭಾವ. "ಸಕಲೇಶಪುರ ಬಸ್ ಸ್ಟ್ಯಾಂಡ್ ಹತ್ರ ನಿಂತಿರ್ತೀವಿ. ನಮ್ಮಿಬ್ಬರನ್ನೂ ಹತ್ತಿಸ್ಕೋ. ಮತ್ತೆ ತಡ ಮಾಡ್ಬೇಡ ಮಾರಾಯ."