ಮಕ್ಕಳಿಗೆ ಇದರಿಂದ ಎಂತ ಸಿಗ್ತದೆ ಅಂತ ಕೇಳುವವರಿಗೆ

ಮಾರ್ಚ್ ಕೊನೆಗೆ ನಮ್ಮ ಕಡೆ ಶಾಲೆಗಳಿಗೆ ಬೀಗ ಬೀಳುತ್ತದೆ. ಮತ್ತೆ ತೆರೆಯುವುದು ಜೂನಿನಲ್ಲಿ, ಮಳೆಯ ಜೊತೆಗೆ. ನಡುವಿನ ಎರಡು ತಿಂಗಳು ನಮ್ಮ ಗ್ರಂಥಾಲಯದ ಬಾಲವೇದಿಯ, ಅಂದರೆ ಮಕ್ಕಳ ಕೂಟದ, ಮಕ್ಕಳು ವಾರಕ್ಕೆ ಎರಡು ದಿನ ಊರಿನ ಮನೆಗಳಿಗೆ ಹೋಗುತ್ತಾರೆ, ನಿಂತ ನೀರು ಚೆಲ್ಲಲು, ಬಂದ ಕಾಗದ ಓದಿ ಹೇಳಲು. ಊರು ಇರುವುದು ಕೇರಳದ ಕಾಸರಗೋಡು ಜಿಲ್ಲೆಯಲ್ಲಿ, ಪೆರ್ಲ, ಬದಿಯಡ್ಕದ ನಡುವೆ. ಒಂದು ಮನೆಯಿಂದ ಇನ್ನೊಂದಕ್ಕೆ ಹೋಗಲು ಒಂದು ತೋಟ ದಾಟಬೇಕು, ಒಂದು ಗುಡ್ಡ ಹತ್ತಬೇಕು. ಅವರನ್ನು ಕರೆದುಕೊಂಡು ಹೋಗುವುದು ನಾನು. ಹಾಗಾಗಿ ಪ್ರಶ್ನೆಯೂ ನನಗೇ. ಬಸ್ಸಿನಲ್ಲಿ, ರೇಷನ್ ಅಂಗಡಿಯ ಸಾಲಿನಲ್ಲಿ, ಪೂಜೆಯ ಊಟಕ್ಕೆ ಕೂತಾಗ.

"ಅಕ್ಕಾ, ಇದರಿಂದ ಮಕ್ಕಳಿಗೆ ಎಂತ ಸಿಗ್ತದೆ?"

ಏನೂ ಸಿಗುವುದಿಲ್ಲ. ಸರ್ಟಿಫಿಕೇಟ್ ಇಲ್ಲ. ಗ್ರೇಸ್ ಮಾರ್ಕ್ ಇಲ್ಲ, ಅದೆಲ್ಲ ಎನ್‌ಸಿಸಿ, ಸ್ಕೌಟ್, ಸ್ಟೂಡೆಂಟ್ ಪೊಲೀಸ್‌ನವರಿಗೆ. ಹನ್ನೊಂದು ಗಂಟೆಗೆ ವಾಪಸ್ ಬಂದಾಗ ಒಂದು ಲೋಟ ಪುನರ್ಪುಳಿ ಶರಬತ್ತು ಸಿಗುತ್ತದೆ. ಕೆಲವು ದಿನ ಗೋಳಿಬಜೆ. ಉತ್ತರ ಇಷ್ಟೇ. ಇದನ್ನು ಇನ್ನು ಬಾಯಿಬಿಟ್ಟು ಹೇಳುವುದಿಲ್ಲ, ಕೇಳಿದವರಿಗೆ ಇದನ್ನೇ ಓದಲು ಕೊಡುತ್ತೇನೆ.

"ಸಿಗ್ತದೆ" ಅನ್ನುವ ಮಾತೇ ನನಗೆ ಆಗುವುದಿಲ್ಲ. ಬೆಂಗಳೂರಿನಲ್ಲಿರುವ ನಮ್ಮ ಸಂಬಂಧಿಕರೊಬ್ಬರು ಫೋನಿನಲ್ಲಿ, "ನಾವು ದುಡ್ಡು ಕೊಟ್ಟು ಶಿಬಿರಕ್ಕೆ ಹಾಕ್ತೇವೆ, ನೀವು ಪುಕ್ಕಟೆ ದುಡಿಸ್ತೀರಿ" ಅಂದರು. ಇನ್ನೊಬ್ಬರು ಬಾಲಕಾರ್ಮಿಕ ಅನ್ನುವ ಪದವನ್ನೇ ಎತ್ತಿದರು. ಹಾಗಾದರೆ ಕೇಳಿ. ಒಂಬತ್ತರಿಂದ ಹನ್ನೊಂದು, ಬಿಸಿಲು ಏರುವ ಮೊದಲು ಮುಗಿಸುತ್ತೇವೆ. ಮನೆಯವರ ಒಪ್ಪಿಗೆ ಇಲ್ಲದೆ ಒಂದು ಮಗುವೂ ಬರುವುದಿಲ್ಲ. ಭಾರ ಹೊರಿಸುವುದಿಲ್ಲ, ಬಾವಿಯ ಹತ್ತಿರ ಬಿಡುವುದಿಲ್ಲ, ಹಾವು ಇರುವ ಪೊದೆಗೆ ಕೈ ಹಾಕಿಸುವುದಿಲ್ಲ. ನಾವೆಲ್ಲ ಈ ಪ್ರಾಯದಲ್ಲಿ ರಜೆ ಪೂರ್ತಿ ಗೇರುಬೀಜ ಹೆಕ್ಕಿ, ಮಾರಿ, ಪುಸ್ತಕದ ದುಡ್ಡು ಮಾಡಿಕೊಂಡವರು. ಆಗ ನಮ್ಮನ್ನು ಯಾರೂ ಏನೂ ಕೇಳಲಿಲ್ಲ. ಬೇರೆಯವರ ಮನೆಯ ಕೆಲಸಕ್ಕೆ ಅಂದ ಕೂಡಲೇ ಯಾಕೆ ಲೆಕ್ಕ ಶುರುವಾಗುತ್ತದೆ?

ಕೆಲಸ ಶುರುವಾದದ್ದು ಸೊಳ್ಳೆಯಿಂದ. ಮಳೆಗಾಲಕ್ಕೆ ಮುಂಚೆ ಮನೆ ಸುತ್ತ ನಿಂತ ನೀರು ಚೆಲ್ಲಬೇಕು, ಇಲ್ಲದಿದ್ದರೆ ಡೆಂಗ್ಯೂ. ಆಶಾ ಕಾರ್ಯಕರ್ತೆ ಒಬ್ಬರೇ ಎಷ್ಟು ಮನೆ ಅಂತ ಹತ್ತಿ ಇಳಿಯುವುದು? ಅವರ ಜೊತೆ ಮಕ್ಕಳು ಸೇರಿಕೊಂಡರು. ತೋಟದಲ್ಲಿ ಬಿದ್ದ ಅಡಿಕೆ ಹಾಳೆ, ರಬ್ಬರ್ ಮರಕ್ಕೆ ಕಟ್ಟಿದ ಗೆರಟೆ, ಹೂವಿನ ಚಟ್ಟಿಯ ಕೆಳಗಿನ ತಟ್ಟೆ, ಫ್ರಿಜ್ಜಿನ ಹಿಂದಿನ ಟ್ರೇ. ಚೆಲ್ಲಿದರೆ ಮಾತ್ರ ಸಾಲದು, ತಿಕ್ಕಬೇಕು. ಡೆಂಗ್ಯೂ ಹರಡುವ ಈಡಿಸ್ ಸೊಳ್ಳೆಯ ಮೊಟ್ಟೆ ನೀರಿನ ಗೆರೆಯ ಸ್ವಲ್ಪ ಮೇಲೆ, ಪಾತ್ರೆಯ ಒಳಮೈಗೆ ಅಂಟಿಕೊಂಡಿರುತ್ತದೆ. ಒಣಗಿದರೂ ಅದು ತಿಂಗಳುಗಟ್ಟಲೆ ಸಾಯುವುದಿಲ್ಲ. ಮತ್ತೆ ನೀರು ತಾಗಿದರೆ ಮರಿಯಾಗುತ್ತದೆ, ವಾರ ಹತ್ತು ದಿನದಲ್ಲಿ ಸೊಳ್ಳೆಯಾಗಿ ಹಾರುತ್ತದೆ. ಇದನ್ನು ಮಕ್ಕಳು ನನಗಿಂತ ಚೆನ್ನಾಗಿ ವಿವರಿಸುತ್ತಾರೆ. ದೊಡ್ಡವರು ಬಗ್ಗಿ ನೋಡದ ಜಾಗವೆಲ್ಲ ಅವರ ಕಣ್ಣಿನ ಎತ್ತರಕ್ಕೇ ಇರುತ್ತದೆ.

2023ರ ಮೇ ತಿಂಗಳ ಒಂದು ಬೆಳಿಗ್ಗೆ ಗುಡ್ಡದ ಮೇಲಿನ ಒಂದು ಮನೆಗೆ ಹೋದೆವು. 78 ವರ್ಷದ ಅಜ್ಜಿ, ಒಬ್ಬರೇ ಇರುವುದು. ನನ್ನ ಜೊತೆ ಇಬ್ಬರು ಮಕ್ಕಳು. ಹುಡುಗಿ ಆರನೇ ಕ್ಲಾಸು, ಕನ್ನಡ ಮೀಡಿಯಂ. ಹುಡುಗ ಒಂಬತ್ತನೇ ಕ್ಲಾಸು, ಮನೆಯಲ್ಲೂ ಶಾಲೆಯಲ್ಲೂ ಮಲಯಾಳ. ಅವನಿಗೆ ಕನ್ನಡ ಮಾತಾಡಲು ಬರುತ್ತದೆ, ಓದಲು ಬರುತ್ತಿರಲಿಲ್ಲ. ಹುಡುಗಿ ಫ್ರಿಜ್ಜಿನ ಹಿಂದೆ ಕೈ ಹಾಕಿ ಟ್ರೇ ಎಳೆದಳು. ಹುಳ ಕುಣಿಯುತ್ತಿತ್ತು. ಅಂಗಳಕ್ಕೆ ಒಯ್ದು ಚೆಲ್ಲಿ, ನಾರಿನಿಂದ ತಿಕ್ಕಿ ತಂದಿಟ್ಟಳು. ಅಜ್ಜಿ ಬಾಗಿಲಿಗೆ ಒರಗಿ ಎಲ್ಲ ನೋಡುತ್ತಿದ್ದರು. ಆಮೇಲೆ ಅವಳನ್ನು ಕೇಳಿದರು.

"ಮಗಾ, ನಿಂಗೆ ಮಲಯಾಳ ಓದ್ಲಿಕ್ಕೆ ಬರ್ತದಾ?"

"ಬರ್ತದೆ ಅಜ್ಜಿ. ಶಾಲೆಯಲ್ಲಿ ಉಂಟು."

ಅಜ್ಜಿ ಒಳಗೆ ಹೋಗಿ ಕಪಾಟಿನ ಮೇಲಿಂದ ಒಂದು ಪ್ಲಾಸ್ಟಿಕ್ ತೊಟ್ಟೆ ತಂದರು. ಬಾಯಿಗೆ ರಬ್ಬರ್ ಬ್ಯಾಂಡ್. ಒಳಗೆ ಹನ್ನೊಂದು ಕಾಗದ, ಕೆಲವು ಒಡೆಯದ ಲಕೋಟೆ. ಹುಡುಗಿ ಜಗಲಿಯಲ್ಲಿ ಚಕ್ಕಳಮಕ್ಕಳ ಕೂತು ಒಂದೊಂದೇ ಓದಿದಳು. ಕರೆಂಟ್ ಬಿಲ್ಲು. ಸಂಘದ ಮಹಾಸಭೆಯ ನೋಟೀಸು. ಬ್ಯಾಂಕಿನದ್ದೊಂದು. ಆಮೇಲೆ ಒಂದು ಕಚೇರಿಯ ಕಾಗದ, ಪಿಂಚಣಿಯ ಬಗ್ಗೆ. ಅಲ್ಲಿ ಅವಳು ನಿಧಾನವಾದಳು. ಬೆರಳಿಟ್ಟು ಓದಿದಳು. "ವರುಮಾನ ಸರ್ಟಿಫಿಕೇಟ್... ಹಾಜರಾಕ್ಕಣಂ. ಅಜ್ಜಿ, ನೀವು ಆಫೀಸಿಗೆ ಹಾಜರಾಗ್ಬೇಕಂತೆ."

ನಾಳೆಯೇ ಹೋಗುತ್ತೇನೆ, ಜೀಪಿನವನಿಗೆ ಹೇಳಬೇಕು ಅಂತ ಅಜ್ಜಿ ಎದ್ದೇಬಿಟ್ಟರು. ನಳ್ಳಿಯಲ್ಲಿ ಕೈ ತೊಳೆಯುತ್ತಿದ್ದ ಹುಡುಗ ಅಲ್ಲಿಂದಲೇ ಕೂಗಿದ. "ಅದು ಹಾಜರಾಕಣಂ ಅಲ್ಲ, ಹಾಜರಾಕ್ಕಣಂ. ಅಜ್ಜಿ ಹೋಗುದಲ್ಲ, ಸರ್ಟಿಫಿಕೇಟ್ ತೋರಿಸ್ಬೇಕು!"

ಒಂದು ಒತ್ತಿನ ವ್ಯತ್ಯಾಸ. ನಮ್ಮ ಹಾಜರಾಗು, ಹಾಜರುಪಡಿಸು ಇದ್ದ ಹಾಗೆ. ಅಜ್ಜಿ ಬರಿಗೈಯಲ್ಲಿ ಹೋಗಿದ್ದರೆ ಸಾಲಿನಲ್ಲಿ ನಿಂತು, ಕಾಗದ ಎಲ್ಲಿ ಅಂತ ಕೇಳಿಸಿಕೊಂಡು ವಾಪಸ್ ಬರುತ್ತಿದ್ದರು. ವಿಲೇಜ್ ಆಫೀಸಿನಿಂದ ವರಮಾನದ ಸರ್ಟಿಫಿಕೇಟ್ ಮಾಡಿಸಿ ಕೊಡಬೇಕಿತ್ತು. ಕೊಡಬೇಕಾದ ತಾರೀಕು ಫೆಬ್ರವರಿ 28. ನಾವು ಓದುತ್ತಿದ್ದದ್ದು ಮೇ ತಿಂಗಳಲ್ಲಿ.

ಆಗ ತಿಂಗಳಿಗೆ 1,600 ರೂಪಾಯಿ ಪಿಂಚಣಿ. ಸಹಕಾರಿ ಸೊಸೈಟಿಯವರು ಮನೆಗೇ ತಂದು ಕೊಡುತ್ತಿದ್ದರು. ಅಜ್ಜಿ ಮತ್ತೆ ಕೂತು, ನನ್ನ ಮುಖ ನೋಡಿ ಹೇಳಿದರು. "ಆ ಸೊಸೈಟಿಯ ಹುಡುಗ ಬರುದೇ ನಿಂತ. ಕಡೆಯ ಸಲ ಚಾ ಕುಡಿಯದೆ ಹೋಗಿದ್ದ. ನಾನು ಎಂತ ತಪ್ಪು ಮಾತಾಡಿದೆನೋ ಅಂತ ದಿನಾ ಆಲೋಚನೆ ಮಾಡಿದ್ದು ಮಾರಾಯ್ತಿ."

ಹುಡುಗ ನಕ್ಕುಬಿಟ್ಟ. ಆಮೇಲೆ ಅಜ್ಜಿಯ ಮುಖ ನೋಡಿ ಸುಮ್ಮನಾದ. ಸರ್ಟಿಫಿಕೇಟ್ ಮಾಡಿಸಿದೆವು, ಪಿಂಚಣಿ ಮತ್ತೆ ಶುರುವಾಯಿತು. ತಪ್ಪಿಹೋದ ತಿಂಗಳ ಹಣ ಬರಲಿಲ್ಲ.

ಅಂದಿನಿಂದ ಮಕ್ಕಳ ಕೆಲಸ ಎರಡಾಯಿತು. ನೀರು ಚೆಲ್ಲುವುದು, ಕಾಗದ ಓದುವುದು. ಕನ್ನಡ ಮೀಡಿಯಂನ ಒಬ್ಬರು, ಮಲಯಾಳ ಮೀಡಿಯಂನ ಒಬ್ಬರು, ಯಾವಾಗಲೂ ಜೋಡಿ. ಓದಿದ ಮೇಲೆ ಕಾಗದದ ಹಿಂದೆ ಪೆನ್ಸಿಲ್‌ನಲ್ಲಿ, ಕನ್ನಡದಲ್ಲಿ, ಮೂರು ಸಾಲು ಬರೆಯಬೇಕು. ಯಾರು ಬರೆದದ್ದು. ಎಂತ ಬೇಕಂತೆ. ಎಷ್ಟನೇ ತಾರೀಕಿನೊಳಗೆ. ಆಧಾರ್ ನಂಬರ್ ಬರೆದುಕೊಳ್ಳಬಾರದು, ಒಟಿಪಿ ಕೇಳಬಾರದು, ಪಾಸ್‌ಬುಕ್ ಮುಟ್ಟಬಾರದು, ಸಹಿ ಹಾಕಬಾರದು. ಹಣದ ವಿಷಯ ಬಂದರೆ ನನ್ನನ್ನು ಕರೆಯಬೇಕು. ಒಂದು ಮನೆಯ ಕಾಗದದ ಸುದ್ದಿ ಇನ್ನೊಂದು ಮನೆಯಲ್ಲಿ ಆಡಿದರೆ ಮರುದಿನದಿಂದ ಬರುವುದು ಬೇಡ. ಈ ಕೊನೆಯದನ್ನು ನಾನು ಗಟ್ಟಿಯಾಗಿಯೇ ಹೇಳಿದ್ದೇನೆ. ಸಾಲದ ನೋಟೀಸು ಬಂದ ಮನೆಗೂ ಮಕ್ಕಳು ಹೋಗುತ್ತಾರೆ. ಅದು ಸಣ್ಣ ವಿಷಯ ಅಲ್ಲ.

ಆ ಹುಡುಗನಿಗೆ ಹಿಂದೆ ಬರೆಯಲು ಕನ್ನಡ ಅಕ್ಷರ ಬೇಕಾಯಿತಲ್ಲ. ಅದೇ ಅಜ್ಜಿಯ ಜಗಲಿಯಲ್ಲಿ ಕಲಿತ. ಮೇ ಮುಗಿಯುವಾಗ ಅವನು ಒತ್ತಕ್ಷರಕ್ಕೆ ಬಂದಿದ್ದ.

ಈ ಕತೆ ಹೇಳಿದರೆ ಜನ ಏನು ಹೇಳುತ್ತಾರೆ ಗೊತ್ತಾ? "ಪಾಪ, ಓದು ಬಾರದ ಅಜ್ಜಿ." ಇಲ್ಲಿ ನನಗೆ ನಿಜವಾಗಿ ಸಿಟ್ಟು ಬರುತ್ತದೆ. ಅಜ್ಜಿಗೆ ಓದು ಬರುತ್ತದೆ. ಬೆಳಿಗ್ಗೆ ಪೇಪರು ಬಂದರೆ ಮೊದಲ ಪುಟದಿಂದ ಮರಣ ವಾರ್ತೆಯವರೆಗೆ ಒಂದು ಸಾಲು ಬಿಡುವುದಿಲ್ಲ. ಮಂಚದ ಕೆಳಗಿನ ಪೆಟ್ಟಿಗೆ ತುಂಬ ಯಕ್ಷಗಾನ ಪ್ರಸಂಗದ ಪುಸ್ತಕಗಳು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದಾಗ ಅವರು ಕನ್ನಡ ಶಾಲೆಯ ಐದನೇ ಕ್ಲಾಸಿನಲ್ಲಿದ್ದರು. ಅಲ್ಲಿಯವರೆಗೆ ಇದು ದಕ್ಷಿಣ ಕನ್ನಡ ಜಿಲ್ಲೆ. ಅಜ್ಜಿ ಶಾಲೆ ಬದಲಿಸಲಿಲ್ಲ, ಮನೆ ಬದಲಿಸಲಿಲ್ಲ. 1991ರ ಎಪ್ರಿಲ್ 18ರಂದು ಕೇರಳ ಸಂಪೂರ್ಣ ಸಾಕ್ಷರ ಅಂತ ಘೋಷಣೆಯಾದಾಗ ಆ ಲೆಕ್ಕದಲ್ಲಿ ಇವರೂ ಇದ್ದರು. ಸಾಕ್ಷರರೇ. ಮನೆಗೆ ಬರುವ ಕಾಗದದ ಅಕ್ಷರ ಮಾತ್ರ ಬೇರೆ.

ಮಲಯಾಳದ ಮೇಲೆ ನನಗೆ ಒಂದು ಚೂರೂ ದ್ವೇಷ ಇಲ್ಲ. ಅಜ್ಜಿಯನ್ನು ಆ ದಿನ ಕಾಪಾಡಿದ್ದು ಮಲಯಾಳ ಮನೆಯ ಹುಡುಗ. ನಮ್ಮ ಮಕ್ಕಳು ತುಳುವಿನಲ್ಲಿ ಜಗಳ ಆಡಿ, ಮಲಯಾಳದಲ್ಲಿ ರಾಜಿಯಾಗಿ, ಕನ್ನಡದಲ್ಲಿ ಮನೆಗೆ ಬಂದು ದೂರು ಹೇಳುತ್ತಾರೆ. ಕಲಿಯುವ ಮಕ್ಕಳು ಕಲಿಯಲಿ, ಒಳ್ಳೆಯದೇ. ಆದರೆ 78 ದಾಟಿದ ಅಜ್ಜಿ ಇನ್ನು ಯಾವಾಗ ಕಲಿಯುವುದು?

ಹಾಗಾಗಿ ಮಕ್ಕಳಿಗೆ ಎಂತ ಸಿಗ್ತದೆ ಅಂತ ಕೇಳಬೇಡಿ. ಆ ಕಾಗದ ಕನ್ನಡದಲ್ಲಿ ಯಾಕಿರಲಿಲ್ಲ ಅಂತ ಕೇಳಿ. ಇಷ್ಟು ವರ್ಷದಲ್ಲಿ ಒಬ್ಬರೂ ನನ್ನ ಹತ್ತಿರ ಅದನ್ನು ಕೇಳಲಿಲ್ಲ. ಕೇಳಿದರೆ ಹೇಳಲು ನನ್ನ ಹತ್ತಿರ ಬೇಕಾದಷ್ಟು ಇದೆ. ಒಮ್ಮೆ ಒಂದು ಕಚೇರಿಯಲ್ಲಿ, ಕನ್ನಡದಲ್ಲೂ ಎರಡು ಸಾಲು ಹಾಕಿ ಅಂತ ವಿನಂತಿ ಮಾಡಿದೆ. ಮೇಜಿನ ಆಚೆ ಇದ್ದವರು ನಗುತ್ತಾ, "ನಿಮ್ಮ ಮಕ್ಕಳು ಇದ್ದಾರಲ್ಲ ಟೀಚರೇ, ಓದಿ ಹೇಳ್ತಾರಲ್ಲ" ಅಂದರು. ಹೊಗಳಿಕೆಯ ಹಾಗೇ ಹೇಳಿದ್ದು. ಆ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ನಾವು ಮಾಡಿದ ಕೆಲಸವೇ ಅವರಿಗೆ ನೆಪ ಆಯಿತಾ? ನಿಲ್ಲಿಸಿದರೆ ಅಜ್ಜಿಯ ತೊಟ್ಟೆ ಮತ್ತೆ ತುಂಬುತ್ತದೆ. ನಿಲ್ಲಿಸದಿದ್ದರೆ ಕಚೇರಿಯವರಿಗೆ ಆರಾಮ. ಇದಕ್ಕೆ ನನ್ನ ಹತ್ತಿರ ಇವತ್ತಿಗೂ ಉತ್ತರ ಇಲ್ಲ.

ಅಜ್ಜಿಗೆ ಇದನ್ನು ಹೇಳಿದೆ. ಅವರು ಕನ್ನಡಕ ಒರೆಸಿಕೊಂಡು, "ನಾನೇ ಬರೆಯುತ್ತೇನೆ" ಅಂದರು. ಸಂವಿಧಾನದ 350ನೇ ವಿಧಿ ಪ್ರಕಾರ ಯಾರೇ ಆಗಲಿ, ತಮ್ಮ ಕಷ್ಟವನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಅಧಿಕಾರಿಗಳಿಗೆ ಬರೆದು ಕೊಡಬಹುದು. ಹುಡುಗಿ ಗ್ರಂಥಾಲಯದ ಪುಸ್ತಕದಲ್ಲಿ ಅದನ್ನು ಹುಡುಕಿ ತೋರಿಸಿದಳು. ಅಜ್ಜಿ ಗೆರೆ ಹಾಕಿದ ಹಾಳೆಯಲ್ಲಿ ಒಂದೂವರೆ ಪುಟ ಬರೆದರು, ಗುಂಡು ಗುಂಡು ಅಕ್ಷರ, ಒಂದು ಚಿತ್ತೂ ಇಲ್ಲ. ನನಗೆ ಬರುವ ಕಾಗದವನ್ನು ನನಗೆ ಓದಲು ಬರುವ ಭಾಷೆಯಲ್ಲಿ ಕಳಿಸಿ, ಇಷ್ಟೇ ವಿಷಯ. ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸಿದೆವು.

ಉತ್ತರ ಯಾವ ಭಾಷೆಯಲ್ಲಿ ಬರಬೇಕು ಅಂತ ಆ ವಿಧಿಯಲ್ಲಿ ಇಲ್ಲ. ನಾಲ್ಕು ತಿಂಗಳ ಮೇಲೆ ಮಲಯಾಳದಲ್ಲಿ ಬಂತು. ಹುಡುಗಿ ಈಗ ತಡವರಿಸುವುದಿಲ್ಲ, ಒಂದೇ ಉಸಿರಿಗೆ ಓದಿದಳು. ಹಿಂದೆ ಪೆನ್ಸಿಲ್‌ನಲ್ಲಿ ಬರೆದದ್ದು ಹುಡುಗ. ಬರೆದವರು: ಆಫೀಸು. ಎಂತ ಬೇಕಂತೆ: ಏನೂ ಬೇಡ, ಅರ್ಜಿ ಸಿಕ್ಕಿದೆ ಅಂತ ಮಾತ್ರ. ತಾರೀಕು: ಇಲ್ಲ.

ಅಜ್ಜಿ ಅದನ್ನು ತೊಟ್ಟೆಗೆ ಹಾಕಲಿಲ್ಲ. ಪೇಪರಿನ ಕೆಳಗೆ ಇಟ್ಟರು, ಎರಡನೇ ಕಾಗದ ಬರೆಯುವಾಗ ನಂಬರು ನೋಡಲಿಕ್ಕೆ ಬೇಕು ಅಂತ. ಈ ಸಲ ಕಳಿಸುವ ಮೊದಲು ಜೆರಾಕ್ಸ್ ತೆಗೆಸಿ ಇಡಬೇಕು ಅಂತ ಹುಡುಗಿ ನೆನಪು ಮಾಡಿದ್ದಾಳೆ.