ಮೀನು ಕೋಣೆ: ಅಮೋನಿಯಾ ಕೊನೆಗೂ ಇಳಿಯಿತು

ಅಮೋನಿಯಾ ಪರೀಕ್ಷೆಯ ಟೆಸ್ಟ್ ಟ್ಯೂಬ್ ಹಳದಿ! ಹಸಿರಿನ ಸುಳಿವೇ ಇಲ್ಲ, ಅಂದರೆ ನೀರಲ್ಲಿ ಅಮೋನಿಯಾ ಇಲ್ಲ. ಬಿಳಿ ಕಾಗದದ ಮುಂದೆ ಹಿಡಿದು ನೋಡಿದೆ, ಕಾರಿಡಾರಿನ ಬೆಳಕಿಗೆ ತಂದು ನೋಡಿದೆ, ಲ್ಯಾಬ್ ಅಸಿಸ್ಟೆಂಟ್ ಬಾಯಲ್ಲೂ 'ಹಳದಿನೇ' ಅಂತ ಬಂದ ಮೇಲೇ ನಂಬಿದ್ದು.

ರ‍್ಯಾಕು, ಸಂಪು, ಪಂಪು, ಯುವಿ ಎಲ್ಲ ಕೂತಿದ್ದು ಹಳೇ ಸುದ್ದಿ. ಎಥಿಕ್ಸ್ ಕಮಿಟಿಯ ಒಪ್ಪಿಗೆಯೂ ಸಿಕ್ಕಿತ್ತು. ನೀರು 28.5 ಡಿಗ್ರಿ, 14 ಗಂಟೆ ಬೆಳಕು, 10 ಗಂಟೆ ಕತ್ತಲು. ಪ್ರಯೋಗಕ್ಕೆ ಬಳಸುವ ಪುಟ್ಟ ಮೀನು ಜೀಬ್ರಾಫಿಶ್‌ಗೆ ಬೇಕಾದ್ದೆಲ್ಲ ಇತ್ತು, ಜೀಬ್ರಾಫಿಶ್ ಒಂದು ಬಿಟ್ಟು. 'ಖಾಲಿ ತೊಟ್ಟಿಗೆ ಇಷ್ಟು ಕರೆಂಟಾ?' ಅಂತ ಆಡಳಿತ ವಿಭಾಗದವರು ಇಣುಕಿ ಕೇಳಿ ಹೋಗುತ್ತಿದ್ದರು.

ಬಯೋಫಿಲ್ಟರ್ ಅಂದರೆ ಬ್ಯಾಕ್ಟೀರಿಯಾಗಳ ಮನೆ: ಮೀನಿಗೆ ವಿಷವಾದ ಅಮೋನಿಯಾವನ್ನು ಅವು ಮೊದಲು ನೈಟ್ರೈಟ್ (ಅದೂ ವಿಷವೇ), ಆಮೇಲೆ ಅಷ್ಟು ಅಪಾಯವಿಲ್ಲದ ನೈಟ್ರೇಟ್ ಮಾಡುತ್ತವೆ. ಅದು ಹದಕ್ಕೆ ಬರಲಿ ಅಂತ ಬ್ಯಾಕ್ಟೀರಿಯಾಗೆ ಮೇವಾಗಿ ಅಮೋನಿಯಂ ಕ್ಲೋರೈಡ್ ಹಾಕುತ್ತಿದ್ದೆವು. ಮೊದಲು ಅಮೋನಿಯಾ ಇಳಿಯಿತು, ನೈಟ್ರೈಟ್ ಏರಿತು. ಆಮೇಲೆ ಎರಡೂ ಇದ್ದಲ್ಲೇ ನಿಂತುಬಿಟ್ಟವು. ಕ್ಲೋರಿನ್ ಮೇಲೆ ಅನುಮಾನ ಬಂತು, ಆದರೆ ಅದನ್ನು ತೆಗೆಯುವ ಕಾರ್ಬನ್ ಫಿಲ್ಟರ್ ಸರಿಯಾಗಿತ್ತು. ಯುವಿ ಬ್ಯಾಕ್ಟೀರಿಯಾ ಕೊಲ್ಲುತ್ತಿದೆ ಅಂದರು ಒಬ್ಬರು. ನಮಗೆ ಬೇಕಾದ ಬ್ಯಾಕ್ಟೀರಿಯಾ ಫಿಲ್ಟರ್ ಒಳಗೆ ತುಂಬಿರುವ ಮೀಡಿಯಾಗೆ ಅಂಟಿಕೊಂಡಿರುತ್ತವೆ, ದೀಪದ ಕೆಳಗೆ ಈಜೋದಿಲ್ಲ.

ಪಿಎಚ್ ಮೀಟರ್ 6ಕ್ಕಿಂತ ಕೆಳಗೆ ತೋರಿಸಿದಾಗ ಪ್ರೋಬ್ ಕೆಟ್ಟಿದೆ ಅಂತ ಬಫರ್ ಹಾಕಿ ಕ್ಯಾಲಿಬ್ರೇಟ್ ಮಾಡಿದ್ದಾಯಿತು. ಮತ್ತೆ ಅದೇ ಅಂಕಿ. ಆಗ ಲೆಕ್ಕ ಹಾಕಿದರೆ, ಅಮೋನಿಯಾ ರೂಪದ ಒಂದು ಮಿಲಿಗ್ರಾಂ ನೈಟ್ರೋಜನ್ ನೈಟ್ರೇಟ್ ಆಗುವಷ್ಟರಲ್ಲಿ ಸುಮಾರು 7 ಮಿಲಿಗ್ರಾಂ ಕ್ಷಾರೀಯತೆ (ಆಮ್ಲವನ್ನು ತಡೆಯುವ ನೀರಿನ ಶಕ್ತಿ, ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದಲ್ಲಿ) ತಿಂದುಹಾಕುತ್ತೆ. ಆರ್‌ಒ ನೀರಲ್ಲಿ (ಲವಣವೆಲ್ಲ ಸೋಸಿ ತೆಗೆದದ್ದು) ಅದು ಇದ್ದರೆ ತಾನೇ ತಿನ್ನೋಕೆ! ಸೀ ಸಾಲ್ಟ್ ಹಾಕಿ ಕಂಡಕ್ಟಿವಿಟಿ (ನೀರಲ್ಲಿ ಲವಣ ಎಷ್ಟಿದೆ ಅನ್ನೋದರ ಅಳತೆ) ಸರಿ ಮಾಡಬಹುದು, ಆದರೆ ನಾವು ಹಾಕುವ ಚಿಟಿಕೆ ಉಪ್ಪಿನಿಂದ ಪಿಎಚ್ ಹಿಡಿದಿಡುವ ಶಕ್ತಿ ಬರೋದಿಲ್ಲ. ಆಮ್ಲ ಏರಿದ ನೀರಲ್ಲಿ ಬ್ಯಾಕ್ಟೀರಿಯಾ ಕೆಲಸ ನಿಲ್ಲಿಸಿ ಕೂತಿದ್ದವು, ಸಂಬಳ ಬಾರದ ಗುತ್ತಿಗೆ ನೌಕರರ ಹಾಗೆ.

ಮದ್ದು: ಸೋಡಿಯಂ ಬೈಕಾರ್ಬೊನೇಟ್, ಅಂದರೆ ಅಡುಗೆ ಸೋಡಾ. ದೊಡ್ಡ ಸಂಸ್ಥೆಗಳಲ್ಲಿ ಇದಕ್ಕೆ ಡೋಸಿಂಗ್ ಪಂಪ್ ಇರುತ್ತೆ. ನಮಗೂ ಬಂದಿದೆ, ಟ್ಯೂಬಿಂಗ್ ಇಲ್ಲದೆ. ಜೊತೆಗೆ, ಪ್ಲಾಸ್ಟಿಕ್ ಕನೆಕ್ಟರ್ ಕೇಳಿದರೆ ಹಿತ್ತಾಳೆದು ಕಳಿಸಿ 'ಇದು ಇನ್ನೂ ಗಟ್ಟಿ ಸಾರ್' ಅಂತ ಸಮಾಧಾನ ಬೇರೆ. ಹಿತ್ತಾಳೆಯಲ್ಲಿರೋ ತಾಮ್ರ ಮೀನಿಗೆ ವಿಷ ಮಾರಾಯ! ಸದ್ಯಕ್ಕೆ ಚಮಚ, ತಕ್ಕಡಿ, ಎರಡನೇ ವರ್ಷದ ವಿದ್ಯಾರ್ಥಿಗಳು, ಒಂದು ನೋಟ್‌ಬುಕ್. ಪಿಎಚ್ 7.4ಕ್ಕೆ ಬಂದು ನಿಂತಿದೆ. ಒಂದು ಎಚ್ಚರಿಕೆ: ಮೀನು ಇರುವ ತೊಟ್ಟಿಗೆ ಸೋಡಾ ಒಮ್ಮೆಲೇ ಸುರಿಯಬೇಡಿ. ಪಿಎಚ್ ಏರಿದಂತೆ ಅಷ್ಟೇನೂ ಕಾಟ ಕೊಡದ ಅಮೋನಿಯಂ ವಿಷದ ಅಮೋನಿಯಾ ಆಗುತ್ತೆ.

ಈ ನಡುವೆ ಪಕ್ಕದ ಸ್ಟೋರ್ ರೂಮಿನ ಮೇಲೆ ಕಣ್ಣು ಬಿದ್ದಿದೆ. ಪ್ರಯೋಗದ ಇಲಿಗಳ ಕೋಣೆಗೆ ಹೇಳಿ ಮಾಡಿಸಿದ ಹಾಗಿದೆ, ಗಂಟೆಗೆ 10ರಿಂದ 15 ಸಲ ಗಾಳಿ ಬದಲಾಗುವ ವ್ಯವಸ್ಥೆ ಆಗಿಬಿಟ್ಟರೆ. ಒಳಗೆ ನಿಂತು ಬಾಗಿಲು ಹಾಕಿ ನೋಡಿದೆ, ಕೆಳಗಿನ ಸಂದಿಯಿಂದ ಕಾರಿಡಾರಿನ ಬೆಳಕು ಧಾರಾಳವಾಗಿ ಬರುತ್ತೆ. ಇಲಿಗಳ ರಾತ್ರಿ ಕೆಡಿಸೋಕೆ ಅಷ್ಟು ಸಾಕು. ರಬ್ಬರ್ ಪಟ್ಟಿಗೆ ಅಳತೆ ತಗೊಂಡಿದ್ದೇನೆ.

ನೈಟ್ರೈಟ್ ಟ್ಯೂಬ್ ಮಾತ್ರ ಇನ್ನೂ ಗಾಢ ನೇರಳೆ, ಅಂದರೆ ನೈಟ್ರೈಟ್ ಇನ್ನೂ ಜಾಸ್ತಿ ಇದೆ. ಅದು ಸೊನ್ನೆಗೆ ಬರುವ ತನಕ ಮೀನು ತರಿಸೋದಿಲ್ಲ, ಆಡಳಿತದವರು ಎಷ್ಟು ಸಲ ಬೇಕಾದರೂ ಇಣುಕಲಿ.